ಕರುಳಿನ ಕ್ಯಾನ್ಸರ್: ಮೊದಲ ಸೂಚನೆಗಳು ಮತ್ತು ತಪಾಸಣೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕರುಳಿನ ಕ್ಯಾನ್ಸರ್ ಎಂದರೆ ಯಾವ ಕರುಳಿನದು?

ವೈದ್ಯರು ಈ ಹೆಸರನ್ನು ಬಳಸುವಾಗ ಅವರ ಮನಸ್ಸಿನಲ್ಲಿರುವುದು ದೊಡ್ಡ ಕರುಳು ಮತ್ತು ಅದರ ಕೊನೆಯಲ್ಲಿರುವ ಗುದನಾಳ. ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದವಿರುತ್ತದೆ. ಅದು ಹೊಟ್ಟೆಯ ಬಲಭಾಗದ ಕೆಳಗಿನಿಂದ ಮೇಲೇರಿ, ಅಡ್ಡಲಾಗಿ ಸಾಗಿ, ಎಡಭಾಗದಲ್ಲಿ ಇಳಿದು ಗುದನಾಳವನ್ನು ಸೇರುತ್ತದೆ. ಈ ದಾರಿಯನ್ನು ನೆನಪಿಟ್ಟುಕೊಂಡರೆ ಮುಂದಿನ ವಿಷಯ ಸುಲಭವಾಗಿ ಅರ್ಥವಾಗುತ್ತದೆ, ಏಕೆಂದರೆ ಗಡ್ಡೆ ಬಲಭಾಗದಲ್ಲಿದ್ದಾಗ ಕಾಣುವ ಸೂಚನೆಗಳೇ ಬೇರೆ, ಎಡಭಾಗದಲ್ಲಿದ್ದಾಗ ಕಾಣುವ ಸೂಚನೆಗಳೇ ಬೇರೆ. ಸಣ್ಣ ಕರುಳಿನ ಕ್ಯಾನ್ಸರ್ ಬಹಳ ಅಪರೂಪವಾದ್ದರಿಂದ ಅದರ ವಿಚಾರ ಇಲ್ಲಿಲ್ಲ.

ಇದು ಅಷ್ಟೊಂದು ಸಾಮಾನ್ಯವೇ?

ಹೌದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಾದ್ಯಂತ 19 ಲಕ್ಷಕ್ಕೂ ಹೆಚ್ಚು ಜನರಲ್ಲಿ ಈ ಕಾಯಿಲೆ ಹೊಸದಾಗಿ ಪತ್ತೆಯಾಯಿತು, ಸುಮಾರು 9 ಲಕ್ಷ ಜನ ಇದರಿಂದ ತೀರಿಕೊಂಡರು. ಹೊಸ ರೋಗಿಗಳ ಲೆಕ್ಕದಲ್ಲಿ ಇದು ಮೂರನೆಯ ಸ್ಥಾನದಲ್ಲಿದೆ, ಸಾವಿನ ಲೆಕ್ಕದಲ್ಲಿ ಶ್ವಾಸಕೋಶದ ಕ್ಯಾನ್ಸರಿನ ನಂತರ ಎರಡನೆಯ ಸ್ಥಾನದಲ್ಲಿದೆ. ಗಂಡಸರಲ್ಲಿ ತುಸು ಹೆಚ್ಚು ಕಂಡುಬಂದರೂ ಹೆಂಗಸರು ಇದು ತಮಗೆ ಸಂಬಂಧಿಸಿದ್ದಲ್ಲ ಎಂದುಕೊಳ್ಳುವಷ್ಟು ವ್ಯತ್ಯಾಸವಿಲ್ಲ.

ಆರಂಭದಲ್ಲಿ ಯಾವ ಸೂಚನೆಗಳು ಕಾಣಿಸಿಕೊಳ್ಳುತ್ತವೆ?

ಮೊದಲು ಒಂದು ಕಹಿ ಸತ್ಯವನ್ನು ಹೇಳಿಬಿಡಬೇಕು: ಬಹಳ ಆರಂಭದ ಹಂತದಲ್ಲಿ ಹೆಚ್ಚಿನವರಿಗೆ ಯಾವ ತೊಂದರೆಯೂ ಇರುವುದಿಲ್ಲ. ಸೂಚನೆ ಕಾಣಿಸುವ ಹೊತ್ತಿಗೆ ಗಡ್ಡೆ ಸ್ವಲ್ಪವಾದರೂ ಬೆಳೆದಿರುತ್ತದೆ. ಹಾಗಿದ್ದರೂ ಆ ಮೊದಲ ಸೂಚನೆಗಳನ್ನು ಗಮನಿಸಿ ಬೇಗ ವೈದ್ಯರ ಬಳಿ ಹೋದವರಿಗೂ ವರ್ಷಗಟ್ಟಲೆ ತಳ್ಳಿಹಾಕಿದವರಿಗೂ ಚಿಕಿತ್ಸೆಯಲ್ಲಿ ಸಿಗುವ ಅವಕಾಶಗಳು ಒಂದೇ ಆಗಿರುವುದಿಲ್ಲ.

ದೊಡ್ಡ ಕರುಳಿನ ಬಲಭಾಗ ಅಗಲವಾಗಿದ್ದು, ಅಲ್ಲಿ ಮಲ ಇನ್ನೂ ನೀರಾಗಿಯೇ ಇರುತ್ತದೆ. ಹೀಗಾಗಿ ಅಲ್ಲಿ ಬೆಳೆದ ಗಡ್ಡೆ ದೊಡ್ಡದಾದರೂ ಸಾಮಾನ್ಯವಾಗಿ ದಾರಿಯನ್ನು ಬೇಗ ಮುಚ್ಚುವುದಿಲ್ಲ, ನೋವನ್ನೂ ಕೊಡದಿರಬಹುದು. ಅದು ಮಾಡುವ ಕೆಲಸವೆಂದರೆ ಸ್ವಲ್ಪ ಸ್ವಲ್ಪವಾಗಿ ರಕ್ತ ಒಸರುವುದು. ಮಲದೊಂದಿಗೆ ಬೆರೆತ ಆ ರಕ್ತ ಕಣ್ಣಿಗೆ ಬೀಳದೆ, ತಿಂಗಳುಗಳು ಕಳೆದ ಮೇಲೆ ಆಯಾಸ, ಮೆಟ್ಟಿಲು ಹತ್ತುವಾಗ ಏದುಸಿರು, ಮುಖ ಬಿಳಿಚಿಕೊಳ್ಳುವುದು ಮುಂತಾದ ರಕ್ತಹೀನತೆಯ ಲಕ್ಷಣಗಳಾಗಿ ಹೊರಬೀಳುತ್ತದೆ. ಎಡಭಾಗದ ಕರುಳು ಕಿರಿದಾಗಿರುತ್ತದೆ, ಮಲವೂ ಅಲ್ಲಿಗೆ ಬರುವಷ್ಟರಲ್ಲಿ ಗಟ್ಟಿಯಾಗಿರುತ್ತದೆ. ಆದ್ದರಿಂದ ಅಲ್ಲಿನ ಗಡ್ಡೆ ಮಲವಿಸರ್ಜನೆಯ ರೂಢಿಯನ್ನೇ ಬದಲಿಸುತ್ತದೆ: ದಿನವೂ ಸಲೀಸಾಗಿ ಹೋಗುತ್ತಿದ್ದವರಿಗೆ ಮಲಬದ್ಧತೆ ಶುರುವಾಗಬಹುದು, ಒಂದು ವಾರ ಭೇದಿ ಮತ್ತೊಂದು ವಾರ ಮಲಬದ್ಧತೆ ಎಂಬಂತೆ ಆಗಬಹುದು, ಮಲ ಮೊದಲಿಗಿಂತ ತೆಳುವಾಗಿ ಬರಬಹುದು, ಹೊಟ್ಟೆ ಹಿಂಡಿದಂತಾಗಬಹುದು. ಗಡ್ಡೆ ಗುದನಾಳದಲ್ಲೇ ಇದ್ದರೆ ಕೆಂಪು ರಕ್ತ, ಲೋಳೆ, ಮತ್ತು ಶೌಚ ಮುಗಿಸಿ ಎದ್ದ ಮೇಲೂ ಇನ್ನೂ ಏನೋ ಉಳಿದಿದೆ ಎಂಬ ಅನಿಸಿಕೆ ಇರುತ್ತದೆ. ಈ ಕೊನೆಯ ಲಕ್ಷಣವನ್ನು ರೋಗಿಗಳು ತಾವಾಗಿ ಹೇಳುವುದು ಕಡಿಮೆ, ವೈದ್ಯರು ಕೇಳಿದಾಗ ಮಾತ್ರ ಹೌದೆನ್ನುತ್ತಾರೆ.

ಕಾರಣವಿಲ್ಲದೆ ತೂಕ ಇಳಿಯುವುದು, ಹಸಿವು ಕಡಿಮೆಯಾಗುವುದು, ಹೊಟ್ಟೆಯಲ್ಲಿ ಕೈಗೆ ಗಡ್ಡೆ ಸಿಗುವುದು ಇವೆಲ್ಲ ಸಾಮಾನ್ಯವಾಗಿ ತಡವಾಗಿ ಬರುವ ಲಕ್ಷಣಗಳು. ಇವು ಬರಲಿ ಎಂದು ಯಾರೂ ಕಾಯಬಾರದು.

ಮಲದಲ್ಲಿ ರಕ್ತ ಕಂಡರೆ ಅದು ಮೂಲವ್ಯಾಧಿಯೇ ಇರಬೇಕಲ್ಲವೇ?

ಬಹುಪಾಲು ಜನರಲ್ಲಿ ಅದು ಮೂಲವ್ಯಾಧಿಯೇ ಆಗಿರುತ್ತದೆ, ಅಥವಾ ಗುದದ್ವಾರದಲ್ಲಾದ ಬಿರುಕಾಗಿರುತ್ತದೆ. ಗುದನಾಳದ ಕ್ಯಾನ್ಸರ್ ತಡವಾಗಿ ಪತ್ತೆಯಾಗಲು ದೊಡ್ಡ ಕಾರಣವೂ ಇದೇ ನಂಬಿಕೆ. ಶೌಚದ ಕೊನೆಯಲ್ಲಿ ಹನಿಹನಿಯಾಗಿ ಬೀಳುವ ಕೆಂಪು ರಕ್ತ ಪೈಲ್ಸ್‌ನದು, ಕಪ್ಪಾಗಿ ಮಲದೊಂದಿಗೆ ಬೆರೆತದ್ದು ಕ್ಯಾನ್ಸರಿನದು ಎಂಬ ಲೆಕ್ಕಾಚಾರ ಅಲ್ಲಲ್ಲಿ ಕೇಳಿಬರುತ್ತದೆ. ಅದರಲ್ಲಿ ಸ್ವಲ್ಪ ನಿಜವಿದ್ದರೂ ಮನೆಯಲ್ಲಿ ಕುಳಿತು ತೀರ್ಮಾನಿಸುವುದಕ್ಕೆ ಅದು ಸಾಲದು, ಏಕೆಂದರೆ ಗುದನಾಳದ ಕೆಳಭಾಗದ ಗಡ್ಡೆಯಿಂದಲೂ ಅದೇ ಕೆಂಪು ರಕ್ತ ಅದೇ ರೀತಿಯಲ್ಲಿ ಬರಬಲ್ಲದು.

ಮೂಲವ್ಯಾಧಿ ಕ್ಯಾನ್ಸರ್ ಆಗಿ ಮಾರ್ಪಡುವುದಿಲ್ಲ, ಆ ಭಯ ಬೇಡ. ಆದರೆ ಒಬ್ಬರಿಗೇ ಎರಡೂ ಇರಬಹುದು. ಮೂಲವ್ಯಾಧಿ ಇದೆ ಎಂದು ಹತ್ತು ವರ್ಷಗಳ ಹಿಂದೆ ಯಾರೋ ಹೇಳಿದ್ದು ಇವತ್ತಿನ ರಕ್ತಕ್ಕೆ ಉತ್ತರವಾಗುವುದಿಲ್ಲ. ಅಂಗಡಿಯಿಂದ ತಂದ ಮುಲಾಮು ಹಚ್ಚಿ ರಕ್ತ ನಿಂತಿತೆಂದು ಸುಮ್ಮನಾಗುವುದೂ ಸರಿಯಲ್ಲ, ಏಕೆಂದರೆ ಗಡ್ಡೆಯಿಂದ ಬರುವ ರಕ್ತವೂ ತಾನಾಗಿಯೇ ನಿಂತು ಮತ್ತೆ ಶುರುವಾಗುತ್ತದೆ. ವೈದ್ಯರು ಕೈಗವಸು ಹಾಕಿಕೊಂಡು ಬೆರಳಿನಿಂದ ಮಾಡುವ ಪರೀಕ್ಷೆ ಒಂದೆರಡು ನಿಮಿಷದ್ದು, ಗುದನಾಳದ ಕೆಳಭಾಗದ ಎಷ್ಟೋ ಗಡ್ಡೆಗಳು ಅದರಲ್ಲೇ ಸಿಕ್ಕಿಬೀಳುತ್ತವೆ. ನೋಡದೆ, ಮುಟ್ಟದೆ, ಕೇಳಿದ ಮಾತಿನ ಮೇಲೆಯೇ ಪೈಲ್ಸ್ ಎಂದು ಔಷಧ ಬರೆದುಕೊಟ್ಟಿದ್ದರೆ, ಪರೀಕ್ಷಿಸಿ ನೋಡಿ ಎಂದು ಕೇಳುವ ಹಕ್ಕು ರೋಗಿಗಿದೆ.

ಬಣ್ಣದ ವಿಷಯದಲ್ಲಿ ಇನ್ನೊಂದು ಮಾತು: ಕಬ್ಬಿಣಾಂಶದ ಮಾತ್ರೆಗಳು ಮಲವನ್ನು ಕಪ್ಪಾಗಿಸುತ್ತವೆ, ಬೀಟ್‌ರೂಟ್ ಕೆಂಪಾಗಿಸುತ್ತದೆ. ಇವೆರಡೂ ರಕ್ತವಲ್ಲ. ಆದರೆ ಮಾತ್ರೆಯನ್ನೇ ತೆಗೆದುಕೊಳ್ಳದೆ ಮಲ ಡಾಂಬರಿನಂತೆ ಕಪ್ಪಾಗಿ, ಅಂಟಾಗಿ ಬಂದರೆ ಅದು ಜೀರ್ಣಾಂಗದ ಮೇಲ್ಭಾಗದ ರಕ್ತಸ್ರಾವವಾಗಿರಬಹುದು, ತಡಮಾಡದೆ ತೋರಿಸಬೇಕು.

ರಕ್ತ ಕಂಡೇ ಇಲ್ಲ, ಆದರೆ ಹಿಮೋಗ್ಲೋಬಿನ್ ಕಡಿಮೆಯಿದೆ ಎಂದಿದ್ದಾರೆ. ಮಾತ್ರೆ ತೆಗೆದುಕೊಂಡರೆ ಸಾಕೇ?

ಮಾತ್ರೆ ಬೇಕು, ಅದರ ಜೊತೆಗೆ ಕಾರಣವೂ ಬೇಕು. ಕಬ್ಬಿಣಾಂಶದ ಕೊರತೆಯಿಂದಾದ ರಕ್ತಹೀನತೆ ಗಂಡಸರಲ್ಲಿ ಯಾವ ವಯಸ್ಸಿನಲ್ಲಿ ಕಂಡರೂ, ಮುಟ್ಟು ನಿಂತ ಹೆಂಗಸರಲ್ಲಿ ಕಂಡರೂ, ರಕ್ತ ಎಲ್ಲೋ ಸೋರಿಹೋಗುತ್ತಿದೆ ಎಂದು ಶಂಕಿಸಿ ಜಠರ ಮತ್ತು ಕರುಳನ್ನು ನೋಡುವುದು ವೈದ್ಯಕೀಯದ ಒಪ್ಪಿತ ಕ್ರಮ. ಮುಟ್ಟಾಗುವ ವಯಸ್ಸಿನವರಲ್ಲಿ ಬೇರೆ ಕಾರಣಗಳೇ ಹೆಚ್ಚಾದರೂ, ಮಾತ್ರೆಯಿಂದ ಏರಿದ ಹಿಮೋಗ್ಲೋಬಿನ್ ಮತ್ತೆ ಮತ್ತೆ ಇಳಿಯುತ್ತಿದ್ದರೆ ಅಥವಾ ಹೊಟ್ಟೆಯ ತೊಂದರೆಯೂ ಜೊತೆಗಿದ್ದರೆ ಅಲ್ಲಿಗೇ ಬಿಡಬಾರದು.

ಎಷ್ಟು ದಿನ ಕಾದು ನೋಡಬಹುದು?

ಮಲವಿಸರ್ಜನೆಯ ರೂಢಿಯಲ್ಲಾದ ಬದಲಾವಣೆ ಮೂರು ವಾರ ದಾಟಿದರೆ ವೈದ್ಯರನ್ನು ಕಾಣಬೇಕು. ರಕ್ತ ಕಂಡರೆ ಅಷ್ಟೂ ಕಾಯುವ ಅಗತ್ಯವಿಲ್ಲ. ಹೊಟ್ಟೆ ಉಬ್ಬಿ, ತೀವ್ರವಾಗಿ ನೋಯುತ್ತ, ವಾಂತಿಯಾಗುತ್ತ, ಮಲವಾಗಲಿ ಗಾಳಿಯಾಗಲಿ ಹೋಗದಿದ್ದರೆ ಕರುಳು ಕಟ್ಟಿಕೊಂಡಿರುವ ಸಂಭವವಿದೆ. ಅದಕ್ಕೂ, ನಿಲ್ಲದ ಹೆಚ್ಚಿನ ರಕ್ತಸ್ರಾವಕ್ಕೂ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ನನಗಿನ್ನೂ ಮೂವತ್ತೈದು. ಇದು ವಯಸ್ಸಾದವರ ಕಾಯಿಲೆಯಲ್ಲವೇ?

ಹೆಚ್ಚಿನ ರೋಗಿಗಳು 50 ದಾಟಿದವರೇ. ಆದರೂ ಕಳೆದ ಕೆಲವು ದಶಕಗಳಲ್ಲಿ ಹಲವು ದೇಶಗಳಲ್ಲಿ 50ರೊಳಗಿನವರಲ್ಲಿ ಈ ಕ್ಯಾನ್ಸರ್ ಹೆಚ್ಚುತ್ತಿದೆ. ನಟ ಚಾಡ್ವಿಕ್ ಬೋಸ್‌ಮನ್ 2020ರಲ್ಲಿ ಇದರಿಂದ ತೀರಿಕೊಂಡಾಗ ಅವರಿಗೆ 43 ವರ್ಷ. 2023ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನವು ಕಿರಿಯ ರೋಗಿಗಳ ಹಳೆಯ ದಾಖಲೆಗಳನ್ನು ತಿರುವಿಹಾಕಿ, ಕಾಯಿಲೆ ಪತ್ತೆಯಾಗುವುದಕ್ಕೆ 3 ತಿಂಗಳಿಂದ 2 ವರ್ಷ ಮೊದಲೇ ನಾಲ್ಕು ಸೂಚನೆಗಳು ಅವರಲ್ಲಿ ಹೆಚ್ಚಾಗಿ ಕಂಡಿದ್ದವೆಂದು ಗುರುತಿಸಿತು: ಹೊಟ್ಟೆನೋವು, ಗುದದ್ವಾರದಿಂದ ರಕ್ತ, ಭೇದಿ, ಕಬ್ಬಿಣಾಂಶದ ಕೊರತೆಯ ರಕ್ತಹೀನತೆ. ಈ ನಾಲ್ಕೂ ಆರೋಗ್ಯವಂತರಲ್ಲೂ ಬಂದುಹೋಗುವಂಥವು, ಹಾಗಾಗಿ ಗಾಬರಿ ಬೇಡ. ಆದರೆ ವಯಸ್ಸು ಚಿಕ್ಕದೆಂಬ ಒಂದೇ ಕಾರಣಕ್ಕೆ ತಳ್ಳಿಹಾಕುವುದೂ ಬೇಡ. ಒಂದಕ್ಕಿಂತ ಹೆಚ್ಚು ಸೂಚನೆಗಳು ಒಟ್ಟಿಗೆ ಇದ್ದರೆ ಅನುಮಾನ ಇನ್ನಷ್ಟು ಬಲವಾಗಬೇಕು.

ಯಾವ ತೊಂದರೆಯೂ ಇಲ್ಲದಿರುವಾಗ ತಪಾಸಣೆ ಏಕೆ ಮಾಡಿಸಿಕೊಳ್ಳಬೇಕು?

ತಪಾಸಣೆ ಇರುವುದೇ ತೊಂದರೆ ಇಲ್ಲದವರಿಗಾಗಿ. ಕರುಳಿನ ಕ್ಯಾನ್ಸರ್ ಬಹುತೇಕ ಪಾಲಿಪ್ ಎಂಬ ಚಿಕ್ಕ ಮಾಂಸದ ಬೆಳವಣಿಗೆಯಿಂದ ಶುರುವಾಗುತ್ತದೆ. ಎಲ್ಲ ಪಾಲಿಪ್‌ಗಳೂ ಕ್ಯಾನ್ಸರ್ ಆಗುವುದಿಲ್ಲ. ಮುಖ್ಯವಾಗಿ ಅಡಿನೋಮ ಎಂಬ ಬಗೆಯವುಗಳಲ್ಲಿ ಕೆಲವು ಮಾತ್ರ ಆಗುತ್ತವೆ, ಅದಕ್ಕೂ ಸಾಮಾನ್ಯವಾಗಿ ಹತ್ತು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ. ಇಷ್ಟು ದೀರ್ಘವಾದ ಅವಕಾಶವನ್ನು ಕೊಡುವ ಕ್ಯಾನ್ಸರ್‌ಗಳು ಕಡಿಮೆ. ಆ ಅವಧಿಯಲ್ಲಿ ಪಾಲಿಪ್ ಸಿಕ್ಕರೆ ಅದನ್ನು ಕತ್ತರಿಸಿ ತೆಗೆಯಬಹುದು, ಅಂದರೆ ಕ್ಯಾನ್ಸರನ್ನು ಬೇಗ ಹಿಡಿಯುವುದಷ್ಟೇ ಅಲ್ಲ, ಬರದಂತೆಯೇ ತಡೆಯಬಹುದು.

ಇದು ಊಹೆಯ ಮಾತಲ್ಲ. ಅಮೆರಿಕದ ಮಿನ್ನೆಸೋಟದಲ್ಲಿ 46 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮಲದಲ್ಲಿ ಕಣ್ಣಿಗೆ ಕಾಣದ ರಕ್ತವಿದೆಯೇ ಎಂದು ನೋಡುವ ಪರೀಕ್ಷೆಗೆ ಪ್ರತಿ ವರ್ಷ ಒಳಗಾದ ಗುಂಪಿನಲ್ಲಿ 13 ವರ್ಷಗಳ ಅವಧಿಯಲ್ಲಿ ಈ ಕ್ಯಾನ್ಸರಿನಿಂದಾದ ಸಾವು ಶೇ 33ರಷ್ಟು ಕಡಿಮೆಯಾಯಿತು. ಶೇಕಡಾವಾರು ಕೇಳಲು ಚೆನ್ನಾಗಿರುತ್ತದೆ, ಅದನ್ನು ಬಿಡಿಸಿಯೂ ನೋಡಬೇಕು: ಪರೀಕ್ಷೆ ಇಲ್ಲದ ಗುಂಪಿನಲ್ಲಿ 1,000 ಜನರಿಗೆ ಸುಮಾರು 9 ಸಾವು, ಪರೀಕ್ಷೆಯಾದ ಗುಂಪಿನಲ್ಲಿ ಸುಮಾರು 6. ಒಬ್ಬ ವ್ಯಕ್ತಿಯ ಮಟ್ಟಿಗೆ ಇದು ಸಣ್ಣ ಅಂತರವೆನಿಸಬಹುದು, ಇಡೀ ಜನಸಮುದಾಯಕ್ಕೆ ಅನ್ವಯಿಸಿದರೆ ಬಹಳ ದೊಡ್ಡದು. ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳನ್ನು ಒಳಗಿನಿಂದ ನೋಡುವ ಕೊಲೊನೋಸ್ಕೊಪಿಯ ಬಗ್ಗೆ ಉತ್ತರ ಯುರೋಪಿನ ದೇಶಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆಹ್ವಾನ ಪಡೆದ ಗುಂಪಿನಲ್ಲಿ 10 ವರ್ಷಗಳಲ್ಲಿ ಕ್ಯಾನ್ಸರ್ ಬರುವ ಸಾಧ್ಯತೆ ಶೇ 18ರಷ್ಟು ತಗ್ಗಿತು. ಇಷ್ಟೇ ಲಾಭವೇ ಎಂದು ಆಗ ಕೆಲವರು ಮೂಗು ಮುರಿದರು. ಆದರೆ ಆಹ್ವಾನ ಪಡೆದವರಲ್ಲಿ ಪರೀಕ್ಷೆ ಮಾಡಿಸಿಕೊಂಡವರು ಶೇ 42 ಮಾತ್ರ ಎಂಬುದನ್ನು ಸೇರಿಸಿ ಓದಿದರೆ ಚಿತ್ರ ಬದಲಾಗುತ್ತದೆ. ಮಾಡಿಸಿಕೊಳ್ಳದ ಪರೀಕ್ಷೆಯಿಂದ ಲಾಭ ಬರುವುದಿಲ್ಲ.

ಯಾವ ವಯಸ್ಸಿನಲ್ಲಿ ಶುರುಮಾಡಬೇಕು, ಯಾವಾಗ ನಿಲ್ಲಿಸಬಹುದು?

ಕುಟುಂಬದಲ್ಲಿ ಯಾರಿಗೂ ಇಲ್ಲದ, ಬೇರೆ ಅಪಾಯವೂ ಇಲ್ಲದ ಸಾಮಾನ್ಯ ವ್ಯಕ್ತಿಗೆ 45ರಿಂದ 50ರ ನಡುವೆ. ಅಮೆರಿಕದಲ್ಲಿ ಶಿಫಾರಸಿನ ವಯಸ್ಸನ್ನು 2021ರಲ್ಲಿ 50ರಿಂದ 45ಕ್ಕೆ ಇಳಿಸಲಾಯಿತು, ಇಂಗ್ಲೆಂಡಿನ ಕಾರ್ಯಕ್ರಮ 50ರಿಂದ 74ರವರೆಗಿನವರಿಗೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ, ಜಪಾನಿನಲ್ಲಿ 40ರಿಂದಲೇ ಶುರುವಾಗುತ್ತದೆ. 75ರ ನಂತರ ಮುಂದುವರಿಸಬೇಕೇ ಎಂಬುದು ವ್ಯಕ್ತಿಯ ಒಟ್ಟು ಆರೋಗ್ಯವನ್ನೂ ಹಿಂದಿನ ಫಲಿತಾಂಶಗಳನ್ನೂ ನೋಡಿ ವೈದ್ಯರೊಡನೆ ಮಾತಾಡಿ ತೀರ್ಮಾನಿಸಬೇಕಾದ ವಿಷಯ. ಇದು ತಪಾಸಣೆಯ ವಯಸ್ಸೇ ಹೊರತು ಸೂಚನೆ ಇರುವವರನ್ನು ಪರೀಕ್ಷಿಸುವ ವಯಸ್ಸಲ್ಲ. ಸೂಚನೆ ಇದ್ದರೆ 28ಕ್ಕೂ ನೋಡಬೇಕು, 82ಕ್ಕೂ ನೋಡಬೇಕು.

ನಮ್ಮ ತಂದೆಗೆ ಈ ಕ್ಯಾನ್ಸರ್ ಬಂದಿತ್ತು. ನಾನು ಏನು ಮಾಡಬೇಕು?

ತಂದೆ, ತಾಯಿ, ಒಡಹುಟ್ಟಿದವರು ಅಥವಾ ಮಕ್ಕಳಲ್ಲಿ ಒಬ್ಬರಿಗೆ ಬಂದಿದ್ದರೂ ಅಪಾಯ ಹೆಚ್ಚು. ಹಲವು ಮಾರ್ಗಸೂಚಿಗಳು ಅಂಥವರಿಗೆ 40ನೇ ವಯಸ್ಸಿನಿಂದ, ಅಥವಾ ಆ ಸಂಬಂಧಿಗೆ ಕಾಯಿಲೆ ಪತ್ತೆಯಾದ ವಯಸ್ಸಿಗಿಂತ 10 ವರ್ಷ ಮೊದಲಿನಿಂದ, ಯಾವುದು ಮೊದಲೋ ಆಗ ಕೊಲೊನೋಸ್ಕೊಪಿ ಶುರುಮಾಡಲು ಹೇಳುತ್ತವೆ. ತಂದೆಗೆ 45ರಲ್ಲಿ ಪತ್ತೆಯಾಗಿದ್ದರೆ ನಿಮ್ಮದು 35ಕ್ಕೆ. ಆದ್ದರಿಂದ ಯಾರಿಗೆ, ಯಾವ ವಯಸ್ಸಿನಲ್ಲಿ ಬಂತೆಂಬುದನ್ನು ಮನೆಯ ಹಿರಿಯರನ್ನು ಕೇಳಿ ತಿಳಿದುಕೊಳ್ಳಿ. ಹೊಟ್ಟೆಯ ಕಾಯಿಲೆಯಿಂದ ಹೋದರು ಎಂದಷ್ಟೇ ಹೇಳುವ ಮನೆಗಳಲ್ಲಿ ಹಳೆಯ ಆಸ್ಪತ್ರೆಯ ಕಾಗದಗಳೇನಾದರೂ ಉಳಿದಿದ್ದರೆ ಅವು ಉಪಯೋಗಕ್ಕೆ ಬರುತ್ತವೆ.

ಕೆಲವು ಕುಟುಂಬಗಳಲ್ಲಿ ಅಪಾಯ ವಂಶವಾಹಿಯಲ್ಲೇ ಇರುತ್ತದೆ. ಲಿಂಚ್ ಸಿಂಡ್ರೋಮ್ ಎಂಬ ಸ್ಥಿತಿಯಲ್ಲಿ ಕರುಳಿನ ಜೊತೆಗೆ ಗರ್ಭಕೋಶದ ಕ್ಯಾನ್ಸರಿನ ಅಪಾಯವೂ ಹೆಚ್ಚಿರುತ್ತದೆ. ಅವರಲ್ಲಿ ಹಲವರಿಗೆ 20ರಿಂದ 25ರ ವಯಸ್ಸಿನಲ್ಲೇ ಕೊಲೊನೋಸ್ಕೊಪಿ ಶುರುಮಾಡಿ ಒಂದೆರಡು ವರ್ಷಕ್ಕೊಮ್ಮೆ ಮಾಡಲಾಗುತ್ತದೆ. ಕರುಳಿನ ತುಂಬ ನೂರಾರು ಪಾಲಿಪ್‌ಗಳು ಬೆಳೆಯುವ ಇನ್ನೊಂದು ಅನುವಂಶೀಯ ಸ್ಥಿತಿಯಲ್ಲಿ ನಿಗಾ ಹದಿಹರೆಯದಲ್ಲೇ ಆರಂಭವಾಗಬೇಕು. ಅನೇಕ ವರ್ಷಗಳಿಂದ ಅಲ್ಸರೇಟಿವ್ ಕೊಲೈಟಿಸ್ ಅಥವಾ ಕ್ರೋನ್ಸ್ ಎಂಬ ಕರುಳಿನ ಉರಿಯೂತದ ಕಾಯಿಲೆ ಇರುವವರ ವೇಳಾಪಟ್ಟಿಯೂ ಬೇರೆ.

ಮಲದ ಪರೀಕ್ಷೆ ಹೇಗೆ ನಡೆಯುತ್ತದೆ?

ಈಗ ಹೆಚ್ಚು ಬಳಕೆಯಲ್ಲಿರುವುದು ಫಿಟ್ ಎಂದು ಕರೆಯುವ ಪರೀಕ್ಷೆ. ಮನೆಯಲ್ಲೇ ಒಂದು ಕಡ್ಡಿಯಿಂದ ಮಲದ ಸಣ್ಣ ಮಾದರಿಯನ್ನು ತೆಗೆದು, ಕೊಟ್ಟಿರುವ ಟ್ಯೂಬಿನಲ್ಲಿ ಮುಚ್ಚಿ ಪ್ರಯೋಗಾಲಯಕ್ಕೆ ಕಳುಹಿಸಿದರೆ ಕೆಲಸ ಮುಗಿಯಿತು. ಮನುಷ್ಯರ ಹಿಮೋಗ್ಲೋಬಿನ್ ಅನ್ನು ಮಾತ್ರ ಗುರುತಿಸುವುದರಿಂದ, ಹಳೆಯ ಪರೀಕ್ಷೆಗಳಂತೆ ಇದಕ್ಕೆ ಊಟದ ಪಥ್ಯ ಬೇಕಿಲ್ಲ. ಮುಟ್ಟಿನ ದಿನಗಳಲ್ಲಿ ಮಾದರಿ ತೆಗೆಯಬಾರದು. ಗಡ್ಡೆಗಳು ದಿನವೂ ರಕ್ತ ಒಸರುವುದಿಲ್ಲ, ಪಾಲಿಪ್‌ಗಳಂತೂ ಎಷ್ಟೋ ಸಲ ಒಸರುವುದೇ ಇಲ್ಲ. ಆದ್ದರಿಂದ ಒಮ್ಮೆ ಮಾಡಿಸಿ ಬಿಟ್ಟರೆ ಇದರ ಬಲ ಸಿಗುವುದಿಲ್ಲ, ವರ್ಷಕ್ಕೊಮ್ಮೆ ಅಥವಾ ಎರಡು ವರ್ಷಕ್ಕೊಮ್ಮೆ ತಪ್ಪದೆ ಮಾಡಬೇಕು.

ಫಲಿತಾಂಶ ಪಾಸಿಟಿವ್ ಬಂದಿದೆ. ಇನ್ನೊಮ್ಮೆ ಮಾಡಿಸಿ ನೋಡಲೇ?

ಬೇಡ. ಪಾಸಿಟಿವ್ ಎಂದರೆ ಕ್ಯಾನ್ಸರ್ ಇದೆ ಎಂದಲ್ಲ, ಪಾಸಿಟಿವ್ ಬಂದವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ಆದರೆ ಎರಡನೆಯ ಸಲ ನೆಗೆಟಿವ್ ಬಂದರೆ ಅದು ಮೊದಲನೆಯದನ್ನು ಅಳಿಸಿಹಾಕುವುದೂ ಇಲ್ಲ, ಏಕೆಂದರೆ ಆ ದಿನ ಗಡ್ಡೆ ರಕ್ತ ಒಸರದೆ ಇದ್ದಿರಬಹುದು. ಮುಂದಿನ ಹೆಜ್ಜೆ ಕೊಲೊನೋಸ್ಕೊಪಿ, ಅದನ್ನೂ ತಿಂಗಳುಗಟ್ಟಲೆ ಮುಂದೂಡಬಾರದು.

ನೆಗೆಟಿವ್ ಬಂದಿದೆ, ಆದರೂ ರಕ್ತ ಕಾಣುತ್ತಿದೆ. ಈಗೇನು?

ವೈದ್ಯರಿಗೆ ಹೇಳಿ. ನಿಮಗೆ ಬೇಕಿರುವುದು ಈಗ ತಪಾಸಣೆಯಲ್ಲ, ಕಾರಣ ಹುಡುಕುವ ಪರೀಕ್ಷೆ. ಕಳೆದ ವರ್ಷದ ನೆಗೆಟಿವ್ ಕಾಗದವನ್ನು ನಂಬಿಕೊಂಡು ಈ ವರ್ಷದ ರಕ್ತವನ್ನು ಕಡೆಗಣಿಸುವುದು ತಪಾಸಣೆಯಿಂದ ಆಗಬಹುದಾದ ಹಾನಿಗಳಲ್ಲಿ ಒಂದು.

ಕೊಲೊನೋಸ್ಕೊಪಿ ಎಂದರೆ ಹೆದರಿಕೆಯಾಗುತ್ತದೆ. ನೋವಾಗುತ್ತದೆಯೇ?

ಮಾಡಿಸಿಕೊಂಡ ಬಹಳ ಜನ ಹೇಳುವಂತೆ ಪರೀಕ್ಷೆಗಿಂತ ಹಿಂದಿನ ದಿನದ ಸಿದ್ಧತೆಯೇ ಕಷ್ಟ. ಕರುಳು ಪೂರ್ತಿ ಖಾಲಿಯಾಗಿರಬೇಕು. ಅದಕ್ಕಾಗಿ ಹಿಂದಿನ ದಿನ ನಾರು ಕಡಿಮೆಯಿರುವ ಅಥವಾ ದ್ರವರೂಪದ ಆಹಾರವನ್ನಷ್ಟೇ ತೆಗೆದುಕೊಂಡು, ಭೇದಿ ಔಷಧವನ್ನು ಅರ್ಧ ಹಿಂದಿನ ಸಂಜೆ, ಉಳಿದರ್ಧ ಪರೀಕ್ಷೆಯ ದಿನ ಬೆಳಗ್ಗೆ ಕುಡಿಯಬೇಕಾಗುತ್ತದೆ. ಆ ರುಚಿ ಯಾರಿಗೂ ಹಿಡಿಸುವುದಿಲ್ಲ. ತಣ್ಣಗೆ ಮಾಡಿಕೊಂಡು ಸ್ವಲ್ಪ ಸ್ವಲ್ಪವಾಗಿ ಕುಡಿದರೆ ಒಳಗೆ ನಿಲ್ಲುತ್ತದೆ. ಕೊನೆಗೆ ತಿಳಿ ಹಳದಿ ನೀರಿನಂತೆ ಹೋಗುವವರೆಗೂ ಔಷಧವನ್ನು ಬಿಡಬಾರದು. ಸ್ವಚ್ಛವಾಗದ ಕರುಳಿನಲ್ಲಿ ಪಾಲಿಪ್ ಕಣ್ತಪ್ಪುತ್ತದೆ, ಆಗ ಇಡೀ ಕೆಲಸವನ್ನು ಮತ್ತೊಮ್ಮೆ ಮಾಡಬೇಕಾಗುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆಯ ಔಷಧ, ಇನ್ಸುಲಿನ್, ಕಬ್ಬಿಣಾಂಶದ ಮಾತ್ರೆ ತೆಗೆದುಕೊಳ್ಳುವವರು, ಮೂತ್ರಪಿಂಡ ಅಥವಾ ಹೃದಯದ ತೊಂದರೆ ಇರುವವರು ಮೊದಲೇ ಹೇಳಬೇಕು. ಯಾವ ಮಾತ್ರೆಯನ್ನೂ ತಾವಾಗಿ ನಿಲ್ಲಿಸಬಾರದು.

ಪರೀಕ್ಷೆಗೆ ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಸಾಕು. ಮಂಪರು ಬರಿಸುವ ಔಷಧ ಕೊಟ್ಟರೆ ಹೆಚ್ಚಿನವರಿಗೆ ನಡೆದದ್ದು ಅಷ್ಟಾಗಿ ನೆನಪಿರುವುದಿಲ್ಲ. ಕೊಡದಿದ್ದರೆ ಹೊಟ್ಟೆ ಉಬ್ಬಿದಂತೆ, ಹಿಂಡಿದಂತೆ ಆಗಬಹುದು. ತುದಿಯಲ್ಲಿ ಕ್ಯಾಮೆರಾ ಇರುವ ಬಾಗುವ ಕೊಳವೆಯನ್ನು ದೊಡ್ಡ ಕರುಳಿನ ಆರಂಭದವರೆಗೂ ಸಾಗಿಸಿ, ಹಿಂದಕ್ಕೆ ತರುವಾಗ ನಿಧಾನವಾಗಿ ಗೋಡೆಗಳನ್ನು ನೋಡುತ್ತಾರೆ. ಪಾಲಿಪ್ ಕಂಡರೆ ಬಹುಮಟ್ಟಿಗೆ ಆಗಲೇ ತೆಗೆದು ಬಯಾಪ್ಸಿಗೆ ಕಳುಹಿಸುತ್ತಾರೆ, ತೆಗೆಯುವಾಗ ನೋವಿರುವುದಿಲ್ಲ. ಮಂಪರು ಕೊಟ್ಟಿದ್ದರೆ ಆ ದಿನ ವಾಹನ ಓಡಿಸಬಾರದು, ಜೊತೆಗೊಬ್ಬರು ಇರಬೇಕು. ಎಲ್ಲವೂ ಸರಿಯಿದ್ದರೆ ಸಾಮಾನ್ಯ ಅಪಾಯದವರಿಗೆ ಮುಂದಿನ ಪರೀಕ್ಷೆ 10 ವರ್ಷಗಳ ನಂತರ. ಪಾಲಿಪ್ ಸಿಕ್ಕಿದ್ದರೆ ಅದರ ಸಂಖ್ಯೆ, ಗಾತ್ರ, ಬಗೆ ನೋಡಿ ಇನ್ನೂ ಬೇಗ.

ಅಪಾಯವಿಲ್ಲವೇ? ಇದೆ, ಆದರೆ ಅಪರೂಪ. ಕರುಳಿಗೆ ತೂತಾಗುವುದು, ಪಾಲಿಪ್ ತೆಗೆದ ಜಾಗದಿಂದ ರಕ್ತ ಬರುವುದು ಮುಖ್ಯವಾದವು. ಪರೀಕ್ಷೆಯ ನಂತರ ಹೆಚ್ಚುತ್ತಿರುವ ಹೊಟ್ಟೆನೋವು, ಜ್ವರ, ರಕ್ತ ಕಂಡರೆ ಕಾಯದೆ ಅದೇ ಆಸ್ಪತ್ರೆಗೆ ತಿಳಿಸಬೇಕು.

ರಕ್ತಪರೀಕ್ಷೆಯಿಂದಲೇ ತಿಳಿಯುವುದಿಲ್ಲವೇ?

ಸಿಇಎ ಎಂಬ ಪ್ರೋಟೀನಿನ ಮಟ್ಟವನ್ನು ಅಳೆಯುವ ರಕ್ತಪರೀಕ್ಷೆಯನ್ನು ಕೆಲವು ಆರೋಗ್ಯ ಪ್ಯಾಕೇಜ್‌ಗಳಲ್ಲಿ ಸೇರಿಸಿರುತ್ತಾರೆ. ಅದು ಚಿಕಿತ್ಸೆಯಾದವರ ನಿಗಾಕ್ಕೆ ಇರುವುದು. ಆರಂಭದ ಕ್ಯಾನ್ಸರಿನಲ್ಲಿ ಎಷ್ಟೋ ಸಲ ಏರುವುದಿಲ್ಲ, ಧೂಮಪಾನಿಗಳಲ್ಲಿ ಕ್ಯಾನ್ಸರ್ ಇಲ್ಲದೆಯೂ ಏರುತ್ತದೆ. ತಪಾಸಣೆಗೆಂದು ಅದನ್ನು ಮಾಡಿಸುವುದರಲ್ಲಿ ಅರ್ಥವಿಲ್ಲ. ರಕ್ತದಲ್ಲಿ ಗಡ್ಡೆಯ ಡಿಎನ್‌ಎ ಹುಡುಕುವ ಹೊಸ ಪರೀಕ್ಷೆಯೊಂದಕ್ಕೆ ಅಮೆರಿಕದಲ್ಲಿ 2024ರಲ್ಲಿ ಒಪ್ಪಿಗೆ ದೊರೆಯಿತು. ಅದು ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ 83ನ್ನು ಹಿಡಿದರೂ ಮುಂದೆ ಕ್ಯಾನ್ಸರ್ ಆಗಬಹುದಾದ ದೊಡ್ಡ ಪಾಲಿಪ್‌ಗಳಲ್ಲಿ ಶೇ 13ನ್ನು ಮಾತ್ರ ಹಿಡಿಯಿತು. ಬರದಂತೆ ತಡೆಯುವುದೇ ತಪಾಸಣೆಯ ದೊಡ್ಡ ಲಾಭವಾದ್ದರಿಂದ ಈ ಎರಡನೆಯ ಅಂಕಿ ನಿರಾಶೆ ತರುವಂಥದ್ದು.

ಜೀವನಶೈಲಿಯಿಂದ ತಡೆಯಬಹುದೇ?

ಅಪಾಯವನ್ನು ತಗ್ಗಿಸಬಹುದು. ತಂಬಾಕು, ಮದ್ಯ, ಬೊಜ್ಜು, ಕುಳಿತೇ ಕಳೆಯುವ ದಿನಚರಿ ಅಪಾಯವನ್ನು ಹೆಚ್ಚಿಸುತ್ತವೆ. ಸಂಸ್ಕರಿಸಿದ ಮಾಂಸವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ನಾರಿನಂಶವುಳ್ಳ ಆಹಾರ ಮತ್ತು ನಿಯಮಿತ ವ್ಯಾಯಾಮ ಒಳ್ಳೆಯದು. ಆದರೆ ಶಿಸ್ತಿನಿಂದ ಬದುಕಿದವರಿಗೂ ಈ ಕಾಯಿಲೆ ಬರುತ್ತದೆ, ಅವರೂ ತಪಾಸಣೆಯಿಂದ ಹೊರಗಲ್ಲ.

ಬೇಗ ಪತ್ತೆಯಾದರೆ ಚಿಕಿತ್ಸೆಯಲ್ಲಿ ಏನು ವ್ಯತ್ಯಾಸ?

ಪಾಲಿಪ್‌ನೊಳಗೇ ಇರುವ ಕ್ಯಾನ್ಸರಿಗೆ ಕೆಲವೊಮ್ಮೆ ಕೊಲೊನೋಸ್ಕೊಪಿಯಲ್ಲಿ ತೆಗೆದದ್ದೇ ಸಾಕಾಗುತ್ತದೆ. ಕರುಳಿನ ಗೋಡೆಯನ್ನು ದಾಟದಿದ್ದರೆ ಬಹುತೇಕ ಶಸ್ತ್ರಚಿಕಿತ್ಸೆಯೊಂದರಲ್ಲೇ ಮುಗಿಯುತ್ತದೆ. ದುಗ್ಧಗ್ರಂಥಿಗಳಿಗೆ ಹರಡಿದ್ದರೆ ಕೀಮೋಥೆರಪಿ ಸೇರಿಕೊಳ್ಳುತ್ತದೆ. ಅಮೆರಿಕದ ಅಂಕಿಅಂಶಗಳಲ್ಲಿ, ಕರುಳಿನಲ್ಲೇ ಸೀಮಿತವಾಗಿದ್ದಾಗ ಪತ್ತೆಯಾದವರ ಐದು ವರ್ಷಗಳ ಬದುಕುಳಿಯುವಿಕೆ ಸುಮಾರು ಶೇ 90, ದೂರದ ಅಂಗಗಳಿಗೆ ಹರಡಿದ ಮೇಲೆ ಪತ್ತೆಯಾದವರದು ಶೇ 20ಕ್ಕಿಂತಲೂ ಕಡಿಮೆ. ಯಕೃತ್ತಿಗೆ ಹರಡಿದವರಲ್ಲೂ ಕೆಲವರಿಗೆ ಶಸ್ತ್ರಚಿಕಿತ್ಸೆ ಸಾಧ್ಯ, ಹಾಗಾಗಿ ತಡವಾಯಿತೆಂದು ಚಿಕಿತ್ಸೆಯನ್ನೇ ಬಿಡುವುದು ತಪ್ಪು. ಹೊಟ್ಟೆಯ ಮೇಲೆ ಮಲ ಸಂಗ್ರಹಿಸುವ ಚೀಲ ಹಾಕುತ್ತಾರೆಂಬ ಭಯದಿಂದ ಪರೀಕ್ಷೆಯನ್ನೇ ಮುಂದೂಡುವವರಿದ್ದಾರೆ. ಎಲ್ಲರಿಗೂ ಅದು ಬೇಕಾಗುವುದಿಲ್ಲ, ಬೇಕಾದವರಲ್ಲೂ ಅನೇಕರಿಗೆ ತಾತ್ಕಾಲಿಕ.

ಇಂಥ ವಿಷಯವನ್ನು ವೈದ್ಯರ ಮುಂದೆ ಹೇಳಲು ನಾಚಿಕೆಯಾಗುತ್ತದೆ. ಹೇಗೆ ಶುರುಮಾಡಲಿ?

ಅವರಿಗೆ ಇದು ದಿನನಿತ್ಯದ ಮಾತು. ಹೇಳಲು ಕಷ್ಟವಾದರೆ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೊಟ್ಟರೂ ಆಗುತ್ತದೆ: ತೊಂದರೆ ಯಾವಾಗಿನಿಂದ, ಮೊದಲು ದಿನಕ್ಕೆ ಎಷ್ಟು ಸಲ ಹೋಗುತ್ತಿದ್ದೆ ಮತ್ತು ಈಗ ಎಷ್ಟು ಸಲ, ರಕ್ತದ ಬಣ್ಣ ಹೇಗಿದೆ, ಅದು ಮಲದೊಳಗೋ ಮೇಲೋ, ತೂಕ ಇಳಿದಿದೆಯೇ, ಯಾವ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದೇನೆ, ಮನೆಯಲ್ಲಿ ಯಾರಿಗೆ ಯಾವ ವಯಸ್ಸಿನಲ್ಲಿ ಕ್ಯಾನ್ಸರ್ ಬಂದಿತ್ತು. ಹೊಟ್ಟೆ ಸರಿಯಿಲ್ಲ ಎಂದಷ್ಟೇ ಹೇಳಿದರೆ ಆಮ್ಲಪಿತ್ತದ ಮಾತ್ರೆಯೊಂದಿಗೆ ಹೊರಬರುವ ಸಾಧ್ಯತೆ ಹೆಚ್ಚು. ಸ್ತ್ರೀ ವೈದ್ಯರೇ ಬೇಕು, ಅಥವಾ ಪುರುಷ ವೈದ್ಯರೇ ಬೇಕು ಎಂದು ಕೇಳುವುದರಲ್ಲಿ, ಪರೀಕ್ಷೆಯ ವೇಳೆ ಜೊತೆಗೊಬ್ಬರು ಇರಲಿ ಎನ್ನುವುದರಲ್ಲಿ ತಪ್ಪೇನೂ ಇಲ್ಲ. ಕೊಟ್ಟ ಔಷಧದಿಂದ ಎರಡು ಮೂರು ವಾರಗಳಲ್ಲಿ ಗುಣ ಕಾಣದಿದ್ದರೆ ಅದೇ ಚೀಟಿಗೆ ಅಷ್ಟನ್ನು ಸೇರಿಸಿ ಮತ್ತೆ ಹೋಗಿ, ಕೊಲೊನೋಸ್ಕೊಪಿ ಬೇಕೇ ಎಂದು ನೇರವಾಗಿ ಕೇಳಿ.